ಬ್ರ್ಯಾಂಡೆಡ್ಡೋ, ಅಸೆಂಬಲ್ಡೋ? ಗದಗದ ಒಂದು ಡಿಸೈನ್ ಅಂಗಡಿಯ ಲೆಕ್ಕ

ಗದಗಕ್ಕೆ ಮುದ್ರಣ ಕಾಶಿ ಅಂತ ಹೆಸರು. ಇಲ್ಲಿನ ಪ್ರೆಸ್‌ಗಳ ಬೆನ್ನಿಗೇ ಅವುಗಳಿಗೆ ಫೈಲ್ ಮಾಡಿಕೊಡುವ ಚಿಕ್ಕ ಚಿಕ್ಕ ಡಿಸೈನ್ ಅಂಗಡಿಗಳೂ ಇವೆ. ಈ ಪ್ರಕರಣ ಅಂಥ ಒಂದು ಅಂಗಡಿಯದು. ಅಕ್ಕ, ತಮ್ಮ ಇಬ್ಬರೇ ನಡೆಸುತ್ತಾರೆ. ಅಕ್ಕನದು ಲಗ್ನಪತ್ರಿಕೆ, ಬಿಲ್ ಬುಕ್, ಆಗಾಗ ಒಂದು ಪುಸ್ತಕದ ಪುಟ ಜೋಡಣೆ. ತಮ್ಮನದು ಫ್ಲೆಕ್ಸ್ ಮತ್ತು ಅಂಗಡಿ ಬೋರ್ಡು. ಈಚೆಗೆ ಅವನು ಇನ್ನೊಂದು ಕೆಲಸ ಹಿಡಿದಿದ್ದಾನೆ: ಮದುವೆ ಸ್ಟೇಜ್ ಹೇಗಿರುತ್ತದೆ ಅಂತ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಮೊದಲೇ ಮಾಡಿ ತೋರಿಸುವುದು. ಡೆಕೊರೇಶನ್‌ನವರು ಅದಕ್ಕೆ ಒಳ್ಳೆ ದುಡ್ಡು ಕೊಡುತ್ತಾರೆ.

ಇಬ್ಬರ ಬಳಿಯೂ ಹಳೇ ಕಂಪ್ಯೂಟರ್. ಅಕ್ಕನದು 2014ರದ್ದು, ನಾಲ್ಕನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ತಮ್ಮನದು 2017ರದ್ದು, ಏಳನೇ ತಲೆಮಾರಿನ ಐ5, 16 ಜಿಬಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಮೇಲೆ ಬೇಕು, ಜೊತೆಗೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ವ್ಯವಸ್ಥೆ ಬೇಕು. ಎರಡೂ ಯಂತ್ರ ಅಲ್ಲೇ ಫೇಲ್. ಅಡ್ಡದಾರಿಯಲ್ಲಿ ಹಾಕುವ ಉಪಾಯಗಳಿವೆ, ಮನೆಯಲ್ಲಿ ಯಾರಾದರೂ ಮಾಡಿಕೊಳ್ಳಲಿ. ದಿನಾ ಪಾರ್ಟಿಯವರ ಫೈಲ್ ಪೆನ್‌ಡ್ರೈವ್‌ನಲ್ಲಿ ಬರುವ ಅಂಗಡಿಗೆ ಅದು ಬೇಡ. ಮೈಕ್ರೋಸಾಫ್ಟ್ ಇನ್ನೊಂದು ವರ್ಷ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತೇನೆ ಅಂದಿತ್ತು, ನಿಜ. ಆದರೆ ಆ ಹೊತ್ತಿಗೆ ಯಂತ್ರಗಳೇ ಸೋತಿದ್ದವು.

ಕೈಯಲ್ಲಿದ್ದದ್ದು ಎರಡು ಲಕ್ಷ. ತಮ್ಮನ ಆಸೆ ಒಂದೇ ಒಂದು ದೊಡ್ಡ ಅಸೆಂಬಲ್ಡ್ ಸಿಸ್ಟಮ್: ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಪಾರ್ಟ್ ತರುವುದು, ಎಲ್ಲಾ ದುಡ್ಡು ಅದಕ್ಕೇ ಹಾಕುವುದು. ಅಕ್ಕನದು ಬೇರೆ ಹಟ. ಕಂಪನಿ ಹೆಸರಿರುವ ಡಬ್ಬಿ ಬರಬೇಕು, ಕೆಟ್ಟರೆ ಕಂಪನಿಯವನೇ ಬರಬೇಕು. ನಾನು ಹುಬ್ಬಳ್ಳಿಯಲ್ಲಿ ಇಂಥ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವವನು. ಅಕ್ಕ ಮೊದಲ ಫೋನಿನಲ್ಲೇ ಹೇಳಿದ್ದು ಇಷ್ಟು: "ಸರ್ರ, ಇಂವಾ ಯೂಟ್ಯೂಬ್ ನೋಡಿ ಲಿಸ್ಟ್ ಮಾಡ್ಯಾನ್ರಿ. ಅದೆಲ್ಲಾ ಇರ್ಲಿ. ಮದುವಿ ಸೀಜನ್‌ದಾಗ ಕೆಟ್ರ ಯಾರ್ನ ಕರೀಬೇಕ್ರಿ?"

ಇಬ್ಬರೂ ಹೇಳುತ್ತಿದ್ದುದರಲ್ಲಿ ಅರ್ಥವಿತ್ತು. ಆದರೆ ಯಾವ ಡಬ್ಬಿ ಕೊಳ್ಳಬೇಕು ಅನ್ನೋದಕ್ಕಿಂತ ಮೊದಲು, ಈಗಿರುವ ಡಬ್ಬಿ ಎಲ್ಲಿ ಕಾಯಿಸುತ್ತಿದೆ ಅಂತ ನೋಡಬೇಕಿತ್ತು.

ಕಾಯುವುದು ಎಲ್ಲಿ

ಅಂಗಡಿಯಲ್ಲಿ ಸುಮ್ನೆ ಪಕ್ಕದಲ್ಲಿ ಕೂತು ಅವರ ಕೆಲಸ ನೋಡಿದೆ. ಯಂತ್ರದ ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ಮಾತ್ರ ಮೂಲೆಯಲ್ಲಿ ತೆರೆದಿಟ್ಟೆ.

ಅಕ್ಕನ ಕಾಯುವಿಕೆ ಪೂರ್ತಿ ಡಿಸ್ಕಿನದ್ದು. ಡಿಸೈನ್ ಮಾಡುವ ಕೋರೆಲ್ ಡ್ರಾ ತೆರೆಯುವಾಗ, ಫೈಲ್ ತೆರೆಯುವಾಗ, ಆಟೋ ಬ್ಯಾಕಪ್ ಆಗುವಾಗ ಡಿಸ್ಕ್ ನೂರಕ್ಕೆ ನೂರು, ಪ್ರೊಸೆಸರ್ ಆರಾಮವಾಗಿ ಕೂತಿದೆ. ಪ್ರೊಸೆಸರ್ ದುಡಿಯುತ್ತಿದ್ದುದು ಒಂದೇ ಕಡೆ: ನೆರಳು, ಟ್ರಾನ್ಸ್‌ಪರೆನ್ಸಿ ತುಂಬಿದ ಪತ್ರಿಕೆಯನ್ನು ಝೂಮ್ ಮಾಡುವಾಗ. ಆಗಲೂ ಅದರ ನಾಲ್ಕು ಕೋರ್‌ನಲ್ಲಿ, ಅಂದರೆ ಲೆಕ್ಕ ಮಾಡುವ ನಾಲ್ಕು ಘಟಕಗಳಲ್ಲಿ, ಒಂದೇ ಓಡುತ್ತಿತ್ತು. ಕೋರೆಲ್, ಇಲ್ಲಸ್ಟ್ರೇಟರ್ ಎರಡರ ಗುಣವೂ ಹೀಗೇ. ಹತ್ತಿಪ್ಪತ್ತು ಕೋರ್ ಕೊಟ್ಟರೂ ಬಹಳಷ್ಟು ಕೆಲಸ ಒಂದೇ ಕೋರ್ ಮೇಲೆ ಹಾಕುತ್ತವೆ. ಆ ಒಂದು ಕೋರ್ ಚುರುಕಾಗಿದ್ದರೆ ಸಾಕು. ಅಂದರೆ ಅಕ್ಕನಿಗೆ ಈಗಿನ ಸಾಧಾರಣ ಐ5, 16 ಜಿಬಿ ರ‍್ಯಾಮ್, ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಅಂದರೆ ಒಂದು ಎನ್‌ವಿಎಂಇ ಎಸ್‌ಎಸ್‌ಡಿ, ಇದ್ದರೆ ಮುಗಿಯಿತು. ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ.

ತಮ್ಮನ ಕಥೆಯಲ್ಲಿ ಎರಡು ಭಾಗ. ಫ್ಲೆಕ್ಸ್ ಫೈಲ್ ತೆರೆದ ಕೂಡಲೇ ಯಂತ್ರ ಉಸಿರುಗಟ್ಟುತ್ತಿತ್ತು. ಇಮೇಜ್ ಸೈಜ್ ನೋಡಿದೆ. 20 ಅಡಿ ಅಗಲ, 10 ಅಡಿ ಎತ್ತರದ ಬ್ಯಾನರ್, ರೆಸಲ್ಯೂಶನ್ 300. ಲೆಕ್ಕ ಹಾಕಿ ನೋಡಿ. 20 ಅಡಿ ಅಂದರೆ 240 ಇಂಚು, ಇಂಚಿಗೆ 300 ಅಂದರೆ 72,000 ಪಿಕ್ಸೆಲ್. ಎತ್ತರ 36,000. ಎರಡನ್ನೂ ಗುಣಿಸಿದರೆ 259 ಕೋಟಿ ಪಿಕ್ಸೆಲ್. ಮುದ್ರಣದ ನಾಲ್ಕು ಬಣ್ಣದ ಸಿಎಂವೈಕೆಯಲ್ಲಿ ಒಂದು ಪಿಕ್ಸೆಲ್‌ಗೆ 4 ಬೈಟ್. ಒಂದೇ ಒಂದು ಲೇಯರ್‌ಗೆ 10 ಜಿಬಿಗೂ ಜಾಸ್ತಿ! ಅದರ ಮೇಲೆ ನಾಯಕರ ಫೋಟೊ, ಹಾರ, ಹಿಂದೆ ಬೆಳಕಿನ ಕಿರಣ. 16 ಜಿಬಿ ರ‍್ಯಾಮ್ ಏನು, 64 ಹಾಕಿದರೂ ಅದು ಒದ್ದಾಡುತ್ತದೆ. ಫೋಟೊಶಾಪ್‌ನ ಮಾಮೂಲಿ ಪಿಎಸ್‌ಡಿ ಫೈಲಿಗೆ ಒಂದು ಬದಿಗೆ 30,000 ಪಿಕ್ಸೆಲ್ ಮಿತಿ ಇದೆ. ಅದಕ್ಕೇ ಫೋಟೊಶಾಪ್ ಪ್ರತಿ ಸಲ ದೊಡ್ಡ ಫೈಲಿನ ಪಿಎಸ್‌ಬಿ ರೂಪ ಕೇಳುತ್ತಿತ್ತು, ಇವನು ಓಕೆ ಒತ್ತುತ್ತಿದ್ದ.

ಯಾಕಪ್ಪಾ 300 ಅಂತ ಕೇಳಿದೆ. "ಕ್ವಾಲಿಟಿ ಬರ್ಲಿ ಅಂತ್ರಿ ಸರ." ಲಗ್ನಪತ್ರಿಕೆಯನ್ನು ಕೈಯಲ್ಲಿ ಹಿಡಿದು ನೋಡುತ್ತೇವೆ, ಅದಕ್ಕೆ 300 ಸರಿ. ಸರ್ಕಲ್‌ನಲ್ಲಿ ಕಟ್ಟಿದ ಬ್ಯಾನರನ್ನು ಯಾರೂ ಮೂಗು ತಾಗಿಸಿ ನೋಡುವುದಿಲ್ಲ. ಇವರ ಫೈಲ್ ಹೋಗುವ ಫ್ಲೆಕ್ಸ್ ಪ್ರೆಸ್‌ನವರು ಕೇಳುವುದೇ 72. ಅದೇ ಬ್ಯಾನರ್ 72ರಲ್ಲಿ ಮಾಡಿದರೆ ಲೇಯರ್‌ಗೆ ಸುಮಾರು 600 ಎಂಬಿ. ಅವತ್ತೇ ಹಾಗೆ ಮಾಡಿಸಿದೆ. ಹಳೇ ಯಂತ್ರವೇ ಓಡಲು ಶುರು ಮಾಡಿತು. ತಮ್ಮನ ಮುಖ ಸ್ವಲ್ಪ ಸಪ್ಪಗಾಯಿತು, ಹೊಸ ಸಿಸ್ಟಮ್‌ಗೆ ಅವನು ಹೇಳುತ್ತಿದ್ದ ದೊಡ್ಡ ಕಾರಣವೇ ಕೈಜಾರಿತಲ್ಲ.

ಎರಡನೇ ಭಾಗ ಮಾತ್ರ ಗಟ್ಟಿ. ಬ್ಲೆಂಡರ್‌ನಲ್ಲಿ ಸ್ಟೇಜನ್ನು ರೆಂಡರ್‌ಗೆ, ಅಂದರೆ ಮಾದರಿಯಿಂದ ಅಂತಿಮ ಚಿತ್ರ ತೆಗೆಯಲು, ಇಟ್ಟು ಮನೆಗೆ ಹೋಗುತ್ತಿದ್ದ, ಬೆಳಿಗ್ಗೆ ಬಂದಾಗ ಕರೆಂಟ್ ಹೋಗಿ ಅರ್ಧಕ್ಕೆ ನಿಂತಿರುತ್ತಿತ್ತು. ಸೈಕಲ್ಸ್ ಅನ್ನುವ ಅದರ ರೆಂಡರ್ ಎಂಜಿನ್ ಗ್ರಾಫಿಕ್ಸ್ ಕಾರ್ಡ್ ಮೇಲೆ ಓಡಿದರೆ, ಇಂಥ ನಾಲ್ಕು ಕೋರ್ ಪ್ರೊಸೆಸರ್‌ಗಿಂತ ಎಷ್ಟೋ ಪಟ್ಟು ಬೇಗ ಮುಗಿಸುತ್ತದೆ. ಬೇರೆ ಕಂಪನಿಯ ಕಾರ್ಡ್‌ಗಳೂ ಓಡುತ್ತವೆ, ಆದರೆ ಬ್ಲೆಂಡರ್‌ನಲ್ಲಿ ಎನ್ವಿಡಿಯಾದ ಆರ್‌ಟಿಎಕ್ಸ್ ಒಂದು ಹೆಜ್ಜೆ ಮುಂದೆ. ಇಲ್ಲಿ ಕಾರ್ಡ್ ಬೇಕು, ಅದರಲ್ಲಿ ಅನುಮಾನವಿಲ್ಲ.

ಕಾರ್ಡಿನ ಮೆಮೊರಿ ಎಷ್ಟು ಬೇಕು ಅನ್ನೋದು ಇನ್ನೊಂದು ಪ್ರಶ್ನೆ. ಅವನ ಸ್ಟೇಜ್‌ನಲ್ಲಿ ಚೆಂಡು ಹೂವಿನ ಸರಗಳೇ ಸರಗಳು. ಪ್ರತಿ ಹೂವನ್ನೂ ಶಿಫ್ಟ್ ಡಿ ಒತ್ತಿ ಕಾಪಿ ಮಾಡಿದ್ದ. ಹಾಗೆ ಮಾಡಿದರೆ ಪ್ರತಿ ಹೂವೂ ಮೆಮೊರಿಯಲ್ಲಿ ಬೇರೆ ಜಾಗ ತಿನ್ನುತ್ತದೆ. ಆಲ್ಟ್ ಡಿ ಒತ್ತಿದರೆ ಎಲ್ಲಾ ಹೂವೂ ಒಂದೇ ಹೂವಿನ ಆಕಾರವನ್ನು ಹಂಚಿಕೊಳ್ಳುತ್ತವೆ. ಇದನ್ನು ಸರಿ ಮಾಡಿದ ಮೇಲೆ 16 ಜಿಬಿಯ ದುಬಾರಿ ಕಾರ್ಡ್ ಮಾತು ಬಿಟ್ಟು 8 ಜಿಬಿಗೆ ಬಂದೆವು. ಅಲ್ಲೇ ಒಂದಿಷ್ಟು ಸಾವಿರ ಉಳಿಯಿತು.

ಬ್ರ್ಯಾಂಡೆಡ್ ಡಬ್ಬಿಯ ಒಳಗೆ

ಅಕ್ಕನ ಕಡೆಯ ಪ್ರಸ್ತಾಪ: ಒಂದು ದೊಡ್ಡ ಬ್ರ್ಯಾಂಡಿನ ಟವರ್, ಐ7, ಅದಕ್ಕೇ ಒಂದು ಕಾರ್ಡ್ ಹಾಕಿಸಿಬಿಡೋಣ, ಇಬ್ಬರಿಗೂ ಆಗುತ್ತದೆ. ಡೀಲರ್ ಕೂಡ "ಹಾಕಿ ಕೊಡ್ತೀವ್ರಿ" ಅಂದಿದ್ದ. ಅದೇ ಮಾಡೆಲ್ ನನ್ನ ಇನ್ನೊಬ್ಬ ಗಿರಾಕಿಯ ಬಳಿ ಇತ್ತು. ತಮ್ಮನನ್ನು ಕರೆದುಕೊಂಡು ಹೋಗಿ ಬಿಚ್ಚಿ ತೋರಿಸಿದೆ.

ಒಳಗಿನ ಪಾರ್ಟ್‌ಗಳಿಗೆಲ್ಲಾ ಕರೆಂಟ್ ಕೊಡುವ ಎಸ್‌ಎಂಪಿಎಸ್ ಮೇಲೆ 260 ವ್ಯಾಟ್ ಅಂತ ಬರೆದಿತ್ತು. ಮದರ್‌ಬೋರ್ಡ್‌ಗೆ ಹೋಗುವ ವೈರ್ ಮಾಮೂಲಿ 24 ಪಿನ್‌ನದ್ದಲ್ಲ, ಕಂಪನಿಯದ್ದೇ ಬೇರೆ ಕನೆಕ್ಟರ್. ಎಸ್‌ಎಂಪಿಎಸ್ ಅಳತೆಯೂ ಬೇರೆ, ಸ್ಕ್ರೂ ತೂತೂ ಬೇರೆ. ಗ್ರಾಫಿಕ್ಸ್ ಕಾರ್ಡ್‌ಗೆ ಕೊಡುವ 8 ಪಿನ್ ವೈರ್ ಇಲ್ಲವೇ ಇಲ್ಲ. ಅಂದರೆ ಕಾರ್ಡ್ ಹಾಕಬೇಕು ಅಂದರೆ ಎಸ್‌ಎಂಪಿಎಸ್ ಬದಲಿಸಬೇಕು, ಎಸ್‌ಎಂಪಿಎಸ್ ಬದಲಿಸಬೇಕು ಅಂದರೆ ಬೋರ್ಡು, ಬೋರ್ಡು ಬದಲಿಸಿದರೆ ಕ್ಯಾಬಿನೆಟ್. ಆಮೇಲೆ ಉಳಿಯುವುದು ಹೊರಗಿನ ಸ್ಟಿಕರ್ ಮಾತ್ರ. ಇನ್ನೊಂದು ಮಾತು: ಇಂಥ ಯಂತ್ರದ ವಿಂಡೋಸ್ ಲೈಸೆನ್ಸ್ ಆ ಮದರ್‌ಬೋರ್ಡ್‌ಗೇ ಅಂಟಿಕೊಂಡಿರುತ್ತದೆ.

ಒಂದು ನಡುದಾರಿ ಇತ್ತು. ಮದರ್‌ಬೋರ್ಡ್‌ನ ಸ್ಲಾಟ್ ತಾನೇ 75 ವ್ಯಾಟ್ ಕೊಡುತ್ತದೆ. ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟ್‌ನಲ್ಲಿ ಓಡುತ್ತದೆ, ಬೇರೆ ವೈರ್ ಬೇಡ. ಹಗುರ ಕೆಲಸಕ್ಕೆ ಇದು ಒಳ್ಳೆ ಜೋಡಿ, ಫೋಟೊಶಾಪ್ ಮಾತ್ರ ಮಾಡುವ ಎಷ್ಟೋ ಜನರಿಗೆ ನಾನೇ ಹೇಳಿದ್ದೇನೆ. ದಿನಾ ರೆಂಡರ್ ಮಾಡುವವನಿಗೆ ಸಾಲದು. ಸಣ್ಣ ಡಬ್ಬಿಯಲ್ಲಿ ಕಾರ್ಡ್ ಗಂಟೆಗಟ್ಟಲೆ ಬಿಸಿಯಾದರೆ ಗಾಳಿಯೂ ಆಡುವುದಿಲ್ಲ. ಕಂಪನಿಯವರೇ ಕಾರ್ಡ್ ಹಾಕಿ ಕೊಡುವ ಗೇಮಿಂಗ್ ಟವರ್‌ಗಳೂ ಇವೆ. ಒಂದರ ಬೆಲೆ ಕೇಳಿದೆವು. ಇಬ್ಬರ ದುಡ್ಡೂ ಅದೊಂದೇ ನುಂಗುತ್ತಿತ್ತು.

ಎಸ್‌ಪಿ ರೋಡಿನ ಕೊಟೇಶನ್

ತಮ್ಮ ತರಿಸಿದ್ದ ಅಸೆಂಬಲ್ಡ್ ಕೊಟೇಶನ್ ವಾಟ್ಸಾಪ್‌ನಲ್ಲಿತ್ತು. ಮೊತ್ತ ಕಡಿಮೆ ಕಾಣುತ್ತಿತ್ತು. ಸಾಲು ಸಾಲಾಗಿ ಓದಿದಾಗ ಯಾಕೆ ಅಂತ ಗೊತ್ತಾಯಿತು.

ಪ್ರೊಸೆಸರ್ ಹೆಸರು ಪೂರ್ತಿ ಇತ್ತು. ಅದರ ಕೆಳಗೆ "650 ವ್ಯಾಟ್ ಎಸ್‌ಎಂಪಿಎಸ್" ಅಂತ ಮಾತ್ರ, ಯಾವ ಕಂಪನಿ, ಯಾವ ಮಾಡೆಲ್ ಇಲ್ಲ. "1 ಟಿಬಿ ಎನ್‌ವಿಎಂಇ" ಅಂತ ಮಾತ್ರ. "8 ಜಿಬಿ ಗ್ರಾಫಿಕ್ಸ್ ಕಾರ್ಡ್" ಅಂತ ಮಾತ್ರ. ಎಂಟು ಜಿಬಿ ಅನ್ನೋದು ಕಾರ್ಡಿನ ಹೆಸರಲ್ಲ, ಎಂಟು ವರ್ಷ ಹಳೇ ಕಾರ್ಡಿನಲ್ಲೂ ಎಂಟು ಜಿಬಿ ಇರುತ್ತದೆ. ವಿಂಡೋಸ್ ಸಾಲು ಇಲ್ಲವೇ ಇಲ್ಲ. "ಅದು ಹಾಕಿ ಕೊಡ್ತಾರಂತ್ರಿ" ಅಂದ. ಹಾಕಿ ಕೊಡುವುದು ಎಂಥದ್ದು ಅಂತ ಎಲ್ಲರಿಗೂ ಗೊತ್ತು. ಕೆಳಗೆ ಸಣ್ಣದಾಗಿ ಇನ್ನೊಂದು ಸಾಲು: ಬಿಲ್ ಬೇಕಾದರೆ ಜಿಎಸ್‌ಟಿ ಬೇರೆ. ಅಂದರೆ ಮೇಲಿನ ಮೊತ್ತದ ಮೇಲೆ ಇನ್ನೂ 18 ಪರ್ಸೆಂಟ್. ಬಿಲ್ ಇಲ್ಲದೆ ತಂದರೆ ಆರು ತಿಂಗಳ ಮೇಲೆ ಕಾರ್ಡ್ ಕೆಟ್ಟಾಗ ವಾರಂಟಿಗೆ ಏನು ತೋರಿಸುತ್ತೀರಿ? ಇವರ ಅಂಗಡಿ ಕಾಂಪೊಸಿಶನ್ ಸ್ಕೀಮ್‌ನಲ್ಲಿ, ಅಂದರೆ ಚಿಕ್ಕ ವ್ಯಾಪಾರಿಗಳ ಸರಳ ಜಿಎಸ್‌ಟಿ ಪದ್ಧತಿಯಲ್ಲಿ, ಇರುವುದರಿಂದ ಕೊಳ್ಳುವಾಗ ಕೊಟ್ಟ ತೆರಿಗೆ (ಇನ್‌ಪುಟ್ ಟ್ಯಾಕ್ಸ್) ವಾಪಸ್ ಸಿಗುವ ಮಾತಿಲ್ಲ. ತೆರಿಗೆ ಸೇರಿಸಿದ ಬೆಲೆಯೇ ನಿಜವಾದ ಬೆಲೆ.

ಎಸ್‌ಪಿ ರೋಡ್ ಅಂದರೆ ಮೋಸ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಇಪ್ಪತ್ತು ವರ್ಷದಿಂದ ನೆಟ್ಟಗೆ ವ್ಯಾಪಾರ ಮಾಡುವವರೂ ಇದ್ದಾರೆ, ಸಿಗುವಷ್ಟು ಪಾರ್ಟ್ ರಾಜ್ಯದಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಕೇಳದವನಿಗೆ ಮಾತ್ರ ಖಾಲಿ ಸಾಲು ಸಿಗುತ್ತದೆ.

ಅಷ್ಟರಲ್ಲಿ ಇನ್ನೊಂದು ಗಾಳಿ ಬೀಸಿತು. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಹುಚ್ಚಾಪಟ್ಟೆ ಏರಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನು ಬಾಚಿಕೊಳ್ಳತೊಡಗಿದವು. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರೂ ಹೆಚ್ಚು ಲಾಭದ ಆ ಕಡೆಗೇ ತಿರುಗಿದರು. ಡಿಸೆಂಬರ್ ಮೊದಲ ವಾರ ಮೈಕ್ರಾನ್ ತನ್ನ ಕ್ರೂಷಿಯಲ್ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಬೇಸಿಗೆ ಮುಗಿದಾಗ ಹತ್ತು ಸಾವಿರದ ಆಸುಪಾಸು ಇದ್ದ 32 ಜಿಬಿ ಡಿಡಿಆರ್5 ಜೋಡಿ ಎರಡು ಪಟ್ಟು ದಾಟಿತ್ತು. ಡೀಲರ್‌ಗಳು ಕೊಟೇಶನ್ ಕೆಳಗೆ "ಇವತ್ತಿಗೆ ಮಾತ್ರ" ಅಂತ ಬರೆಯತೊಡಗಿದರು. ತಮ್ಮನಿಗೆ ಬಂದ ಎರಡನೇ ಕೊಟೇಶನ್‌ನಲ್ಲಿ ಮೊತ್ತ ಅದೇ ಇತ್ತು, 16ರ ಎರಡು ಸ್ಟಿಕ್ ಹೋಗಿ ಒಂದೇ ಸ್ಟಿಕ್ ಆಗಿತ್ತು!

ದೊಡ್ಡ ಕಂಪನಿಗಳು ತಿಂಗಳುಗಳ ಮೊದಲೇ ಒಪ್ಪಂದ ಮಾಡಿಕೊಂಡು ಮೆಮೊರಿ ಕೊಂಡಿರುತ್ತವೆ. ಅಂಗಡಿಯಲ್ಲಿ ಕೂತಿದ್ದ ಬ್ರ್ಯಾಂಡೆಡ್ ಸ್ಟಾಕ್‌ಗೆ ಆ ಬಿಸಿ ಇನ್ನೂ ತಟ್ಟಿರಲಿಲ್ಲ. ಅಸೆಂಬಲ್ಡ್ ಯಾವತ್ತೂ ಅಗ್ಗ ಅನ್ನುವ ಮಾತು ಆ ವಾರ ಉಲ್ಟಾ ಹೊಡೆಯಿತು. ಅಕ್ಕನಿಗೆ ಬೇಕಾದಂಥ ಐ5, 16 ಜಿಬಿ, 512 ಜಿಬಿ ಎಸ್‌ಎಸ್‌ಡಿ, ಅಸಲಿ ವಿಂಡೋಸ್ 11, ಎಂಜಿನಿಯರ್ ಅಂಗಡಿಗೇ ಬರುವ ಮೂರು ವರ್ಷದ ಆನ್‌ಸೈಟ್ ವಾರಂಟಿ, ಎಲ್ಲಾ ಸೇರಿ ಬ್ರ್ಯಾಂಡೆಡ್ 62 ಸಾವಿರಕ್ಕೆ ಸಿಗುತ್ತಿತ್ತು. ಅಷ್ಟೇ ಸಾಮಾನನ್ನು ಬಿಲ್ ಸಮೇತ ಅಸೆಂಬಲ್ ಮಾಡಿಸಿದರೆ ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತಿತ್ತು, ಆನ್‌ಸೈಟ್ ಇಲ್ಲದೆ.

ಕೆಟ್ಟರೆ ಯಾರು ಬರುತ್ತಾರೆ

ಅಕ್ಕನ ಪ್ರಶ್ನೆಗೆ ಬರೋಣ. ಬ್ರ್ಯಾಂಡೆಡ್ ಕಾಗದದಲ್ಲಿ "ನೆಕ್ಸ್ಟ್ ಬಿಸಿನೆಸ್ ಡೇ ಆನ್‌ಸೈಟ್" ಅಂತ ಇರುತ್ತದೆ. ಕೇಳಲು ಚಂದ. ಮೊದಲು ಫೋನಿನಲ್ಲಿ ಅವರು ಹೇಳಿದ್ದೆಲ್ಲಾ ಮಾಡಿ ತೋರಿಸಬೇಕು. ದೋಷ ಇದೇ ಅಂತ ಅವರು ಒಪ್ಪಿದ ಮೇಲೆ ದಿನ ಎಣಿಕೆ ಶುರು. ಭಾನುವಾರ, ರಜೆ ಲೆಕ್ಕಕ್ಕಿಲ್ಲ. ಪಾರ್ಟ್ ಹುಬ್ಬಳ್ಳಿಯಲ್ಲಿ ಇಲ್ಲದಿದ್ದರೆ ಇನ್ನೂ ಕಾಯಬೇಕು. ಅದಕ್ಕೇ ಕೊಳ್ಳುವ ಮೊದಲು ಡೀಲರ್‌ನ ಬಾಯಿಮಾತು ಬಿಟ್ಟು ಕಂಪನಿಯ ಟೋಲ್ ಫ್ರೀಗೆ ಅಕ್ಕನಿಂದಲೇ ಫೋನ್ ಮಾಡಿಸಿದೆ. ಗದಗದ ಪಿನ್ ಕೋಡ್ ಕೊಟ್ಟು, ಇಲ್ಲಿಗೆ ಎಂಜಿನಿಯರ್ ಬರುತ್ತಾರಾ ಅಂತ ಕೇಳಿಸಿದೆ. ಬರುತ್ತಾರೆ ಅಂದರು. ಎಲ್ಲಾ ಮಾಡೆಲ್‌ಗೂ ಈ ಉತ್ತರ ಬರಲಿಲ್ಲ. ಒಂದು ಅಗ್ಗದ ಮಾಡೆಲ್‌ಗೆ ಡಬ್ಬಿಯನ್ನು ನೀವೇ ಸರ್ವಿಸ್ ಸೆಂಟರ್‌ಗೆ ಹೊತ್ತು ತರಬೇಕು ಅಂದರು.

ಅಸೆಂಬಲ್ಡ್‌ನಲ್ಲಿ ಪ್ರತಿ ಪಾರ್ಟ್‌ಗೂ ಬೇರೆ ಬೇರೆ ವಾರಂಟಿ. ಪ್ರೊಸೆಸರ್, ಕಾರ್ಡ್‌ಗೆ ಸಾಮಾನ್ಯವಾಗಿ ಮೂರು ವರ್ಷ, ಒಳ್ಳೆ ಎಸ್‌ಎಂಪಿಎಸ್‌ಗೆ ಐದು ಅಥವಾ ಅದಕ್ಕಿಂತ ಜಾಸ್ತಿ. ವರ್ಷದ ಲೆಕ್ಕದಲ್ಲಿ ಇದೇ ಗೆಲ್ಲುತ್ತದೆ. ಆದರೆ ಯಾವ ಪಾರ್ಟ್ ಕೆಟ್ಟಿದೆ ಅಂತ ಕಂಡುಹಿಡಿಯುವ ಕೆಲಸ ನಿಮ್ಮದೇ. ಕಾರ್ಡ್ ಬೆಂಗಳೂರಿಗೆ ಹೋದರೆ ಬರಲು ವಾರಗಟ್ಟಲೆ. ಬದಲಿಗೆ ಒಂದು ಅನುಕೂಲ ಇದೆ: ಎಸ್‌ಎಂಪಿಎಸ್ ಸುಟ್ಟರೆ ಹುಬ್ಬಳ್ಳಿಯಿಂದ ಮಧ್ಯಾಹ್ನದ ಬಸ್ಸಿಗೆ ಇನ್ನೊಂದು ತರಿಸಿ ಸಂಜೆಗೆ ಯಂತ್ರ ಎಬ್ಬಿಸಬಹುದು. ಮಾಮೂಲಿ ಅಳತೆಯ ಪಾರ್ಟ್ ಇರುವ ಲಾಭ ಅದು.

ನನ್ನ ಅಭಿಪ್ರಾಯ ಅಕ್ಕನಿಗೆ ನೇರವಾಗಿ ಹೇಳಿದೆ. ಲಗ್ನದ ಮುಹೂರ್ತಕ್ಕೆ ಯಾವ ವಾರಂಟಿಯೂ ಕಾಯುವುದಿಲ್ಲ. ಎರಡು ಲಕ್ಷವನ್ನು ಒಂದೇ ಡಬ್ಬಿಗೆ ಹಾಕಬೇಡಿ. ಎರಡು ಯಂತ್ರ ಇರಲಿ, ಎರಡರಲ್ಲೂ ಅದೇ ಕೋರೆಲ್ ಆವೃತ್ತಿ, ಅದೇ ನುಡಿ ಫಾಂಟ್‌ಗಳು ಇರಲಿ. ಒಂದು ಮಲಗಿದರೆ ಇನ್ನೊಂದರಲ್ಲಿ ಕೂತು ಪತ್ರಿಕೆ ಮುಗಿಸಬಹುದು. ತಮ್ಮ ಒಂದು ದಿನ ರೆಂಡರ್ ಬಿಟ್ಟರೆ ಆಕಾಶ ಬೀಳುವುದಿಲ್ಲ. "ಹಂಗಂದ್ರ ಇಂವಾ ಹೇಳಿದ್ದೂ ಖರೆ, ನಾ ಹೇಳಿದ್ದೂ ಖರೆ ಅಂದಂಗಾತಲ್ರಿ" ಅಂದರು ಅಕ್ಕ. ಹಾಗಲ್ಲ, ಇಬ್ಬರೂ ಒಂದೇ ಡಬ್ಬಿ ಅಂತ ಕೂತಿದ್ದೇ ಜಗಳಕ್ಕೆ ಕಾರಣ ಅಂದೆ.

ಕೊಂಡದ್ದು

ಅಕ್ಕನಿಗೆ 62 ಸಾವಿರದ ಬ್ರ್ಯಾಂಡೆಡ್ ಟವರ್. ತಮ್ಮನಿಗೆ ಅಸೆಂಬಲ್ಡ್, ಹುಬ್ಬಳ್ಳಿಯ ಡೀಲರ್‌ನಿಂದ. ಎಸ್‌ಪಿ ರೋಡಿಗಿಂತ ಸ್ವಲ್ಪ ಜಾಸ್ತಿ ಬಿತ್ತು, ಆದರೆ ಕೆಟ್ಟ ಪಾರ್ಟ್ ಹಿಡಿದುಕೊಂಡು ರಾತ್ರಿ ರೈಲು ಹತ್ತುವುದು ತಪ್ಪಿತು. ರೈಜೆನ್ 5 7600, 16ರ ಎರಡು ರ‍್ಯಾಮ್ ಸ್ಟಿಕ್, 1 ಟಿಬಿ ಎನ್‌ವಿಎಂಇ, ಆರ್‌ಟಿಎಕ್ಸ್ 5060, ಹೆಸರಿರುವ ಕಂಪನಿಯ 650 ವ್ಯಾಟ್ ಎಸ್‌ಎಂಪಿಎಸ್, ಲೈಸೆನ್ಸ್ ಇರುವ ವಿಂಡೋಸ್. ಒಟ್ಟು 1 ಲಕ್ಷದ 17 ಸಾವಿರದ ಆಸುಪಾಸು. ತಮ್ಮ ಎಂಟು ಕೋರ್‌ನ ರೈಜೆನ್ 7 ಬೇಕು ಅಂತಿದ್ದ. ರೆಂಡರ್ ಕಾರ್ಡ್ ಮೇಲೆ ಓಡುವಾಗ ಆ ಎರಡು ಕೋರ್‌ಗಿಂತ ಎರಡನೇ ರ‍್ಯಾಮ್ ಸ್ಟಿಕ್ ಮುಖ್ಯ. ಮುಂದೆ ಬೇಕೇ ಬೇಕು ಅನಿಸಿದರೆ ಪ್ರೊಸೆಸರ್ ಮಾತ್ರ ಬದಲಿಸಬಹುದು. ಈ ಪ್ರೊಸೆಸರ್ ಕೂರುವ ಎಎಂಡಿಯ ಎಎಂ5 ಸಾಕೆಟ್‌ಗೆ 2027ರವರೆಗಾದರೂ ಬೆಂಬಲ ಕೊಡುತ್ತೇವೆ ಅಂತ ಕಂಪನಿ ಹೇಳಿದೆ. ಹಿಂದಿನ ಎಎಂ4ನಲ್ಲಿ 2017ರ ಎಷ್ಟೋ ಬೋರ್ಡ್‌ಗಳಿಗೆ 2020ರ ಪ್ರೊಸೆಸರ್ ಕೂತದ್ದನ್ನು ನೋಡಿದ್ದೇವೆ.

ಡೆಲಿವರಿ ದಿನ ಒಂದು ಕೆಲಸ ಮಾಡಿದೆವು. ಪ್ರತಿ ಪಾರ್ಟ್ ಡಬ್ಬಿಯ ಸೀರಿಯಲ್ ನಂಬರನ್ನು ಬಿಲ್ಲಿನ ಜೊತೆ ತಾಳೆ ಹಾಕಿ ಫೋಟೊ ತೆಗೆದಿಟ್ಟೆವು. ಖಾಲಿ ಡಬ್ಬಿಗಳನ್ನು ಅಕ್ಕ ರದ್ದಿಗೆ ಹಾಕಲು ಹೊರಟಿದ್ದರು, ತಡೆದೆ.

ಉಳಿದ 20 ಸಾವಿರಕ್ಕೆ ಮಾನಿಟರ್ ಮತ್ತು ಯುಪಿಎಸ್. ಡಿಸೈನ್ ಅಂಗಡಿಗಳು ಅತಿ ಕಡಿಮೆ ಯೋಚಿಸುವುದು ಮಾನಿಟರ್ ಬಗ್ಗೆ. ಟವರ್ ಜೊತೆ ಆಫರ್‌ನಲ್ಲಿ ಬರುತ್ತಿದ್ದ ಮಾನಿಟರ್‌ನ ವಿವರದಲ್ಲಿ "45% ಎನ್‌ಟಿಎಸ್‌ಸಿ" ಅಂತ ಇತ್ತು. ಅಂದರೆ ಮಾನಿಟರ್‌ಗಳ ಮಾಮೂಲಿ ಅಳತೆಗೋಲಾದ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಸುಮಾರು ಮೂರನೇ ಎರಡು ಭಾಗವಷ್ಟೇ ಅದು ತೋರಿಸುತ್ತದೆ. ಮೆಜೆಂಟಾ 100, ಹಳದಿ 100 ಕೊಟ್ಟ ಕುಂಕುಮ ಕೆಂಪು ಅದರಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿ ಕಾಣುತ್ತದೆ. ಅಕ್ಕ ಅದನ್ನು ನೋಡಿ ಮೆಜೆಂಟಾ ಏರಿಸುತ್ತಾರೆ, ಪ್ರೆಸ್‌ನಲ್ಲಿ ಬೇರೆಯೇ ಬರುತ್ತದೆ, ಪಾರ್ಟಿಯವರು ಪತ್ರಿಕೆ ವಾಪಸ್ ತರುತ್ತಾರೆ. ಆಫರ್ ಮಾನಿಟರ್ ಬಿಟ್ಟು, 99% ಎಸ್‌ಆರ್‌ಜಿಬಿ ಇರುವ ಐಪಿಎಸ್ ಮಾನಿಟರ್ ಅಕ್ಕನಿಗೆ ತೆಗೆದೆವು. ತಮ್ಮನಿಗೆ ಹಳೆಯದೇ ಮುಂದುವರಿಯಿತು. ದುಡ್ಡು ಮುಗಿದಿತ್ತು.

ಯುಪಿಎಸ್ ಮೇಲೆ 600 ವಿಎ ಅಂತ ಬರೆದಿದ್ದರೆ ಅದು 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್. ಅಕ್ಕನ ಯಂತ್ರಕ್ಕೆ ಹಳೇ 600 ವಿಎ ಧಾರಾಳ. ತಮ್ಮನದು ರೆಂಡರ್‌ನಲ್ಲಿದ್ದಾಗ ಕಾರ್ಡ್ ಒಂದೇ 145 ವ್ಯಾಟ್ ಎಳೆಯುತ್ತದೆ, ಅದಕ್ಕೆ 1100 ವಿಎ ತಂದೆವು. ಕರೆಂಟ್ ಹೋದಾಗ ರೆಂಡರ್ ಮುಗಿಸುವಷ್ಟು ಹೊತ್ತು ಅದೂ ಬರುವುದಿಲ್ಲ. ಅದಕ್ಕೇ ವಿಡಿಯೊ ಫೈಲ್ ಆಗಿ ನೇರ ರೆಂಡರ್ ಮಾಡುವುದನ್ನು ಬಿಡಿಸಿ, ಒಂದೊಂದು ಫ್ರೇಮ್ ಪಿಎನ್‌ಜಿ ಆಗಿ ಉಳಿಸುವ ಅಭ್ಯಾಸ ಮಾಡಿಸಿದೆ. ನಿಂತ ಫ್ರೇಮ್‌ನಿಂದ ಮುಂದುವರಿಸಬಹುದು.

ಸೀಜನ್ ಶುರುವಾದ ಮೇಲೆ ಒಂದು ತಕರಾರು ಬಂತು, ಅದೂ ಬ್ರ್ಯಾಂಡೆಡ್‌ನಲ್ಲಿ. ಟವರ್‌ನಲ್ಲಿ ಡಿಸ್‌ಪ್ಲೇ ಬರಲಿಲ್ಲ. ಫೋನಿನಲ್ಲಿ ದೂರು ಕೊಟ್ಟರು, ಶುಕ್ರವಾರ ಸಂಜೆ. ಎಂಜಿನಿಯರ್ ಬಂದದ್ದು ಮಂಗಳವಾರ. ಕಾಗದದ ಪ್ರಕಾರ ತಡವೇನಲ್ಲ ಅಂತ ಅವರ ವಾದ. ನಡುವಿನ ದಿನಗಳಲ್ಲಿ ಅಕ್ಕ ತಮ್ಮನ ಕುರ್ಚಿಯಲ್ಲಿ ಕೂತು ಪತ್ರಿಕೆಗಳನ್ನು ಮುಗಿಸಿದರು, ತಮ್ಮ ರಾತ್ರಿ ಪಾಳಿ ಮಾಡಿದ.

2014ರ ಯಂತ್ರವನ್ನು ಎಸೆದಿಲ್ಲ. ಅದರಲ್ಲಿ ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ ಇದೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಆದರೂ ಇವರ ಹಳೇ ಪುಸ್ತಕಗಳೆಲ್ಲಾ ಅದರಲ್ಲೇ ಇವೆ. ಯಾವಾಗಲಾದರೂ ಒಬ್ಬ ಪ್ರಕಾಶಕರು ಮರುಮುದ್ರಣಕ್ಕೆ ಅಂತ ಬಂದೇ ಬರುತ್ತಾರೆ. ಇಂಟರ್ನೆಟ್ ವೈರ್ ತೆಗೆದು ಅದನ್ನು ಮೂಲೆಗೆ ಇಟ್ಟಿದ್ದೇವೆ. 2017ರ ಯಂತ್ರದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ತಮ್ಮ ಅದಕ್ಕೆ ಲಿನಕ್ಸ್ ಹಾಕಿ ಬ್ಯಾಕಪ್ ಸರ್ವರ್ ಮಾಡೋಣ ಅನ್ನುತ್ತಾನೆ. ಅಕ್ಕನ ಪ್ರಕಾರ ಅದನ್ನು ಮಾರಿ ತಮ್ಮನಿಗೂ ಒಂದು ಒಳ್ಳೆ ಮಾನಿಟರ್ ತರಬೇಕು. ರ‍್ಯಾಮ್ ಬೆಲೆ ಹೀಗಿರುವಾಗ ಅದರಲ್ಲಿರುವ 16 ಜಿಬಿಗೇ ಗಿರಾಕಿ ಸಿಗಬಹುದು, ಕೇಳಿ ನೋಡುತ್ತೇನೆ ಅಂದಿದ್ದೇನೆ.